ಎಪ್ಪತ್ತೆರಡು ಕಿಲೋದ ಬೂಟು

ಜನವರಿ 8

ಹೊಸ ಸ್ಕೀ ಬೂಟು ತಂದಾಯಿತು. ಖುಷಿಯಾಗಬೇಕಿತ್ತು, ಆಗಿಲ್ಲ. ತೆತ್ಸುರೋ ಮೇಲೆ ಸಿಟ್ಟು, ನನ್ನ ಮೇಲೆ ಅದಕ್ಕಿಂತ ಸಿಟ್ಟು.

ತೆತ್ಸುರೋ ಶಾಲೆಯಲ್ಲಿ ನನ್ನ ಪಕ್ಕದ ಬೆಂಚಿನವನು. ಬಸ್ ನಿಲ್ದಾಣದ ಎದುರು ಬೂಟಿನ ಅಂಗಡಿ ಇಟ್ಟಿದ್ದಾನೆ, ಶನಿವಾರ ಭಾನುವಾರ ಬೆಟ್ಟದ ರಕ್ಷಣಾ ತಂಡದಲ್ಲೂ ದುಡಿಯುತ್ತಾನೆ. ಬಾಯಿ ತೆರೆದರೆ ಮುಚ್ಚುವವನಲ್ಲ. ಅಂಥವನು ಇವತ್ತು ನನ್ನ ಪಾದ ಅಳೆದ, ಮೀನಖಂಡ ಅಳೆದ, ಆಮೇಲೆ ಟೇಪನ್ನು ಬೆರಳಿಗೆ ಸುತ್ತುತ್ತಾ ನನ್ನ ಮುಖ ನೋಡದೆ, "ಅದೂ... ತೂಕ ಎಷ್ಟು ಅಂತ ಇಟ್ಕೊಳ್ಳಲಿ?" ಎಂದ.

ಒಲೆಯ ಪಕ್ಕ ಇನ್ನಿಬ್ಬರು ಗಿರಾಕಿಗಳು ಕೂತಿದ್ದರು. "ಎಪ್ಪತ್ತೆರಡು" ಎಂದೆ.

"ಸರಿ ಸರಿ" ಎಂದು ಒಳಗೆ ಹೋಗಿ ಹೆಂಗಸರ ಬೂಟು ತಂದ. ಬಿಗಿ ತೊಂಬತ್ತು. ಬೂಟಿನ ಮೇಲೆ ಈ ಅಂಕಿ ಬರೆದಿರುತ್ತದೆ, ಅಂಕಿ ದೊಡ್ಡದಾದಷ್ಟು ಬೂಟು ಮುಂದಕ್ಕೆ ಬಾಗುವುದು ಕಷ್ಟ. ಎಪ್ಪತ್ತೆರಡು ಕಿಲೋದ ಹೆಂಗಸಿಗೆ ತೊಂಬತ್ತು ಸರಿಯಂತೆ. ಹೇಳುವಾಗ ಅವನ ಕಿವಿ ಕೆಂಪಗಿತ್ತು.

ನನ್ನ ತೂಕ ತೊಂಬತ್ತೇಳು. ಅವನಿಗೆ ಗೊತ್ತು, ಊರಿಗೆಲ್ಲ ಗೊತ್ತು. ದಿನಾ ಸಂಜೆ ಬಿಸಿನೀರಿನ ಸ್ನಾನದ ಮನೆಯಲ್ಲಿ ಊರ ಹೆಂಗಸರೆಲ್ಲ ಒಂದೇ ತೊಟ್ಟಿಯಲ್ಲಿ ಬತ್ತಲೆ ಕೂರುತ್ತೇವೆ. ನಾನು ಇಳಿದರೆ ನೀರು ಅಂಚು ದಾಟಿ ಚೆಲ್ಲುತ್ತದೆ. ಆದರೂ ಯಾರೂ ತುಟಿ ಬಿಚ್ಚುವುದಿಲ್ಲ, ಅದೇ ಇಲ್ಲಿನ ಮರ್ಯಾದೆ. ಹೊಟ್ಟೆ ಕಂಡರೂ ಪರವಾಗಿಲ್ಲ, ಅಂಕಿ ಕೇಳಿಸಬಾರದು.

ಫೆಬ್ರವರಿ ಇಪ್ಪತ್ತಕ್ಕೆ ಪರೀಕ್ಷೆ. ರಕ್ಷಣಾ ತಂಡದಲ್ಲಿ ಇರುವ ಒಬ್ಬಳೇ ಹೆಂಗಸು ಚಿಗುಸಾ ಅಕ್ಕ ಮಾರ್ಚ್‌ನಲ್ಲಿ ನಿವೃತ್ತಿ. ಆ ಜಾಗ ನನಗೆ ಬೇಕು. ಎಷ್ಟೋ ಚಳಿಗಾಲದಿಂದ ಲಿಫ್ಟಿನ ಕುರ್ಚಿಗಳ ಹಿಮ ಗುಡಿಸುತ್ತಾ ನಿಂತಿದ್ದೇನೆ. ಗಾಯವಾದವರನ್ನು ಇಳಿಸಿಕೊಂಡು ಅವರು ನನ್ನ ಮುಂದೆ ಹಾದುಹೋದಾಗಲೆಲ್ಲ ಪೊರಕೆ ಬಿಸಾಡಿ ಹಿಂದೆ ಓಡಬೇಕು ಅನ್ನಿಸುತ್ತದೆ. ಈ ಸಲ ಆಗದಿದ್ದರೆ ತಂಡದ ಮುಖ್ಯಸ್ಥ ಕುರೊಗೋಚಿ ಕಣಿವೆಯಾಚೆಯ ಊರಿನಿಂದ ಯಾರನ್ನೋ ಕರೆಸುತ್ತಾರಂತೆ.

ರಾತ್ರಿ ಊಟ: ತೋಫು, ಬಿಸಿನೀರು. ಅಮ್ಮ ಸೊಪ್ಪು ತುಂಬಿದ ಓಯಾಕಿ ಕಡುಬು ಸುಟ್ಟು ಮುಂದಿಟ್ಟಳು, ಹಾಗೇ ಹಿಂದಕ್ಕೆ ತಳ್ಳಿದೆ. ಪರೀಕ್ಷೆಯ ಹೊತ್ತಿಗೆ ಎಪ್ಪತ್ತೆರಡಕ್ಕೆ ಇಳಿದರೆ ಸುಳ್ಳು ಹೇಳಿದ ಹಾಗೇ ಆಗುವುದಿಲ್ಲವಲ್ಲ.

ಜನವರಿ 15

ತೂಕ 96.

ಮೊದಲ ಅಭ್ಯಾಸ. ಗಾಯಾಳುವನ್ನು ಮಲಗಿಸಿ ಇಳಿಸುವ ಜಾರುಬಂಡಿಯನ್ನು ಇಲ್ಲಿ ಎಲ್ಲರೂ ದೋಣಿ ಅನ್ನುತ್ತಾರೆ. ಮುಂದೆ ಎರಡು ಹಿಡಿಕೆಗಳ ನಡುವೆ ಒಬ್ಬರು ಸ್ಕೀ ಮೇಲೆ ನಿಂತು ತಡೆದು ತಡೆದು ಇಳಿಸಬೇಕು. ದೋಣಿಯ ಹಿಂದೆ ಮೇಲುಗಡೆ ಇನ್ನೊಬ್ಬರು ಹಗ್ಗ ಹಿಡಿದಿರಬೇಕು.

ಹೊರಡುವ ಮೊದಲು ಮಲಗಿದವರೂ ಇಳಿಸುವವರೂ ತಮ್ಮ ತಮ್ಮ ತೂಕ ಕೂಗಿ ಹೇಳಬೇಕು. ಎರಡೂ ಸೇರಿ ನೂರರವತ್ತು ದಾಟಿದರೆ ಹಗ್ಗಕ್ಕೆ ಇಬ್ಬರು, ಇಲ್ಲದಿದ್ದರೆ ಒಬ್ಬರು. ಇದು ನಮ್ಮ ಬೆಟ್ಟದ ಕಟ್ಟಳೆ. ಇವತ್ತು ದೋಣಿಯಲ್ಲಿ ಮರಳಿನ ಚೀಲಗಳು, ಎಪ್ಪತ್ತೈದು ಕಿಲೋ. ಹಗ್ಗದಲ್ಲಿ ಚಿಗುಸಾ ಅಕ್ಕ.

"ಮರಳು ಎಪ್ಪತ್ತೈದು! ಮಿಸಾವೊ, ನಿಂದು?"

"ಎಪ್ಪತ್ತೆರಡು!" ಎಂದು ಕೂಗಿದೆ. ಒಂದು ಸಲ ಹೇಳಿದ ಮೇಲೆ ಎರಡನೇ ಸಲ ನಾಲಿಗೆ ತಾನಾಗಿಯೇ ಹೊರಳುತ್ತದೆ.

ಅಕ್ಕ ಒಂದು ಕ್ಷಣ ನನ್ನನ್ನೇ ನೋಡಿದಳು. "ನೂರ ನಲವತ್ತೇಳು. ಹಾಗಾದ್ರೆ ನಾನೊಬ್ಳೇ ಸಾಕು" ಎಂದಳು.

ಇಳಿಜಾರು ಸಾಧಾರಣದ್ದು, ಏನೂ ಆಗಲಿಲ್ಲ. ಬೂಟಿನ ನಾಲಿಗೆ ಮಾತ್ರ ಮೊಣಕಾಲ ಕೆಳಗಿನ ಎಲುಬಿಗೆ ಒತ್ತಿ ಎರಡೂ ಕಾಲು ಕಂದುಗಟ್ಟಿವೆ. ಹೊಸ ಬೂಟು, ಪಳಗಬೇಕು.

ಜನವರಿ 19

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಇವತ್ತು ಗೋಡೆಯ ಮೇಲೆ ಅಭ್ಯಾಸ. ಬೆಟ್ಟದ ಅತಿ ಕಡಿದಾದ ಇಳಿಜಾರಿಗೆ ಇಲ್ಲಿ ಗೋಡೆ ಎಂದೇ ಹೆಸರು. ಪರೀಕ್ಷೆಯೂ ಅಲ್ಲೇ. ಮತ್ತೆ ಮರಳು, ಮತ್ತೆ ಎಪ್ಪತ್ತೆರಡು, ಮತ್ತೆ ಅಕ್ಕ ಒಬ್ಬಳೇ.

ಅರ್ಧ ದಾರಿ ಚೆನ್ನಾಗಿಯೇ ಇಳಿದೆ. ಆಮೇಲೆ ಹಿಮದ ಗುಪ್ಪೆಗಳು ಶುರುವಾದವು, ದೋಣಿ ಬೆನ್ನಿಗೆ ಒತ್ತಿತು. ತಡೆಯಲು ಮೊಣಕಾಲು ಮುಂದಕ್ಕೆ ಒತ್ತಿದೆ. ಬೂಟು ಎದುರು ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಒದ್ದೆ ರಟ್ಟಿನ ಡಬ್ಬಿಯ ಹಾಗೆ ಕಣಕಾಲಿನ ಹತ್ತಿರ ಮಡಚಿಕೊಂಡಿತು. ಸ್ಕೀಯ ಅಂಚು ಹಿಮ ಬಿಟ್ಟಿತು, ನಾನು ಮುಂದಕ್ಕೆ ಮುಗ್ಗರಿಸಿದೆ. ದೋಣಿ ನನ್ನನ್ನು ತಳ್ಳಿಕೊಂಡೇ ಜಾರಿತು. ಹಿಂದೆ ಅಕ್ಕನ ಕೂಗು ಕೇಳಿಸಿತು.

ಅವಳು ಹಗ್ಗ ಬಿಡಲಿಲ್ಲ. ಬಿಟ್ಟಿದ್ದರೆ ದೋಣಿ ನನ್ನ ಮೇಲೆ ಹರಿದು ಕೆಳಗಿನ ಲಿಫ್ಟ್ ಸಾಲಿನೊಳಗೆ ನುಗ್ಗುತ್ತಿತ್ತು. ಬಿಡದಿದ್ದಕ್ಕೆ ಅವಳ ಬಲಭುಜ ಕೀಲು ತಪ್ಪಿತು.

ಅವಳನ್ನು ಅದೇ ದೋಣಿಯಲ್ಲಿ ಇಳಿಸಿದರು. ಇಳಿಸಿದ್ದು ಕುರೊಗೋಚಿ. ನಾನು ಪಕ್ಕದಲ್ಲಿ ಸ್ಕೀ ಹೊತ್ತುಕೊಂಡು ನಡೆದೆ.

ಜನವರಿ 20

ಕುರ್ಚಿ ಗುಡಿಸಿದೆ. ಏನೂ ತಿಂದಿಲ್ಲ. ತೂಕ 95. ಸಂತೋಷವಾಗಲಿಲ್ಲ.

ಜನವರಿ 23

ಸ್ನಾನದ ಮನೆಗೆ ಹೋಗುವುದೇ ಬೇಡ ಅಂದುಕೊಂಡಿದ್ದೆ, ಮೈ ನೋವು ಎಳೆದುಕೊಂಡು ಹೋಯಿತು. ತೊಟ್ಟಿಯಲ್ಲಿ ಚಿಗುಸಾ ಅಕ್ಕ ಒಬ್ಬಳೇ, ಕೈಯನ್ನು ಎದೆಗೆ ಕಟ್ಟಿಕೊಂಡು ಕೂತಿದ್ದಳು. ಐವತ್ತು ದಾಟಿದವಳು, ಒಣಗಿದ ಮೂಲಂಗಿಯಷ್ಟು ತೆಳ್ಳಗೆ. ವಾಪಸ್ ಹೋಗೋಣವೆಂದು ತಿರುಗಿದೆ.

"ಬಾರೇ. ನೀರು ಚೆಲ್ಲಿದ್ರೆ ಚೆಲ್ಲುತ್ತೆ, ನಿಮ್ಮಪ್ಪನ ಮನೆ ಗಂಟಲ್ಲ."

ಇಳಿದೆ. ನೀರು ಅಂಚು ದಾಟಿ ಚೆಲ್ಲಿತು.

"ಬೂಟು ಮಡಚಿಕೊಂಡಿದ್ದು ನೋಡ್ದೆ" ಎಂದಳು. "ನನಗೆ ಕೂಗಿದ್ದನ್ನೇ ಅಂಗಡೀಲೂ ಹೇಳಿದ್ಯಾ?"

"ಎಲ್ಲರೂ ಕಮ್ಮಿ ಹೇಳ್ತಾರಲ್ಲಕ್ಕ."

"ಎಲ್ಲರೂ ಒಂದೆರಡು ಕಿಲೋ ಕಮ್ಮಿ ಹೇಳ್ತಾರೆ. ನೀನು ಒಂದು ಅಕ್ಕಿ ಮೂಟೆನೇ ಬಚ್ಚಿಟ್ಯಲ್ಲೇ!"

ನಗಬೇಕೋ ಅಳಬೇಕೋ ಗೊತ್ತಾಗದೆ ಎರಡೂ ಮಾಡಿದೆ. ಅವಳು ನಗಲಿಲ್ಲ.

"ತಪ್ಪು ನಂದೂ ಇದೆ. ಕಣ್ಣಿಗೆ ಕಾಣ್ತಾ ಇತ್ತು, ಕೇಳೋದು ಹೇಗೆ ಅಂತ ಸುಮ್ನಾದೆ. ನನ್ನ ಭುಜ ಬಿಡು, ವಾಸಿಯಾಗುತ್ತೆ. ಮರಳಿನ ಬದ್ಲು ಯಾರದೋ ಮಗು ಮಲಗಿದ್ರೆ? ಹೋಗು, ತೆತ್ಸುರೋಗೆ ನಿಜ ಹೇಳಿ ಸರಿಯಾದ ಬೂಟು ತಗೊಂಡು ಬಾ."

ಹೂಂ ಎಂದೆ.

ಜನವರಿ 25

ತೆತ್ಸುರೋ ಹತ್ತಿರ ಹೋಗಲಿಲ್ಲ. ಅಂಗಡಿಯ ತನಕ ಹೋದೆ, ಒಳಗೆ ಜನ ಇದ್ದರು, ಬಸ್ ಹತ್ತಿಬಿಟ್ಟೆ.

ನಗರದಲ್ಲಿ ಹಳೇ ಸಾಮಾನಿನ ಅಂಗಡಿಯೊಂದಿದೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಯಾರೋ ಸ್ಕೀ ಸ್ಪರ್ಧಿ ಮಾರಿದ ಗಂಡಸರ ಬೂಟು ಸಿಕ್ಕಿತು, ಬಿಗಿ ನೂರೈವತ್ತು. ದಪ್ಪಗಿರುವವರು ಅತಿ ಬಿಗಿಯ ಬೂಟು ಹಾಕಬೇಕು, ಅಷ್ಟೇ ತಾನೆ? ಇದು ಮಡಚುವುದಿಲ್ಲ. ಆನೆ ನಿಂತರೂ ಮಡಚುವುದಿಲ್ಲ. ಮೇಲಿನ ಪಟ್ಟಿ ಮೀನಖಂಡದ ಸುತ್ತ ಮುಚ್ಚಲು ಮೊಣಕಾಲಿನಿಂದ ಒತ್ತಿ ಒದ್ದಾಡಬೇಕಾಯಿತು, ಕೊನೆಗೂ ಮುಚ್ಚಿತು. ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ.

ತೂಕ 95. ಊಟ: ಅರ್ಧ ಸೇಬು.

ಫೆಬ್ರವರಿ 1

ಹಾಳಾಗಿ ಹೋಯಿತು.

ಸುಲಭದ ಇಳಿಜಾರು, ಖಾಲಿ ದೋಣಿ. ಹಗ್ಗವನ್ನು ಕುರೊಗೋಚಿಯೇ ಹಿಡಿದಿದ್ದರು. ಬೂಟು ಒಂದು ಕೂದಲಿನಷ್ಟೂ ಬಾಗಲಿಲ್ಲ. ಒಳಗೆ ನನ್ನ ಮೀನಖಂಡಕ್ಕೆ ಜಾಗವಿಲ್ಲದೆ ಬೂಟಿನ ಹಿಂಬದಿ ಕಾಲನ್ನು ಮುಂದಕ್ಕೆ ತಳ್ಳುತ್ತಿತ್ತು. ಮುಂಬದಿ ಬಾಗದೆ ತಡೆಯುತ್ತಿತ್ತು. ಬೀಳದಿರಬೇಕೆಂದರೆ ಕುಂಡೆ ಹಿಂದಕ್ಕೆ ಹಾಕಿ ಕುಕ್ಕರಿಸಲೇಬೇಕು. ತೊಡೆ ಬೆಂಕಿಯಾಯಿತು. ಮೂರನೇ ತಿರುವಿನಲ್ಲಿ ಸ್ಕೀಗಳು ನನ್ನ ಕೆಳಗಿನಿಂದ ತಾವೇ ಮುಂದೆ ಓಡಿದವು, ನಾನು ಬೆನ್ನ ಮೇಲೆ ದೋಣಿಯೊಳಗೇ ಬಿದ್ದೆ. ಗಾಯಾಳುವಿನ ಜಾಗದಲ್ಲಿ! ಲಿಫ್ಟಿನ ಮೇಲಿದ್ದವರು ಚಪ್ಪಾಳೆ ತಟ್ಟಿದರು.

ಕುರೊಗೋಚಿ ನಗಲಿಲ್ಲ. "ಕಟಗಿರಿ ಅವರೇ" ಎಂದರು. ನನ್ನ ಮನೆತನದ ಹೆಸರು ಹಿಡಿದು ಕರೆದರೆ ವಿಷಯ ಕೆಟ್ಟಿದೆ ಎಂದೇ ಅರ್ಥ. "ಕಕ್ಕಸಿನಲ್ಲಿ ಕೂತ ಹಾಗೆ ಕೂತು ದೋಣಿ ಇಳಿಸೋಕೆ ಆಗಲ್ಲ. ಪರೀಕ್ಷೆ ದಿನ ಆ ದೋಣೀಲಿ ಮಲಗೋನು ನಾನು. ನನ್ನ ಜೀವ ಇಟ್ಟು ನೋಡದೆ ಯಾರನ್ನೂ ತಂಡಕ್ಕೆ ಸೇರಿಸ್ಕೊಂಡಿಲ್ಲ. ಮುಂದಿನ ಅಭ್ಯಾಸದಲ್ಲೂ ಹೀಗೇ ಆದ್ರೆ ನಿಮ್ಮ ಹೆಸರು ತೆಗೀತೀನಿ. ಬೇಜಾರು ಮಾಡ್ಕೋಬೇಡಿ."

ಬೇಜಾರಲ್ಲ, ಭಯ. ಮುಂದಿನ ಚಳಿಗಾಲವೂ ಅದೇ ಪೊರಕೆ, ಅದೇ ಕುರ್ಚಿ.

ಫೆಬ್ರವರಿ 4

ನಿನ್ನೆ ಮನೆಯಲ್ಲಿ ಕಾಳು ಎರಚುವ ಹಬ್ಬ. ದೆವ್ವ ಆಚೆ, ಭಾಗ್ಯ ಒಳಗೆ ಎಂದು ಕೂಗಿ ಅಮ್ಮ ಹುರಿದ ಸೋಯಾ ಕಾಳು ಎರಚಿದಳು. ವಯಸ್ಸಿಗೆ ಒಂದರಂತೆ ಕಾಳು ತಿನ್ನಬೇಕು. ನಾನು ಬೇಡವೆಂದೆ. ಅಮ್ಮ ಬೋಗುಣಿ ಕುಕ್ಕಿದಳು. "ಕಾಳು ತಿಂದ್ರೂ ದಪ್ಪ ಆಗ್ತೀಯಾ? ನಿನ್ನ ಮುಖ ನೋಡಿದ್ರೆ ದೆವ್ವನೇ ಹೆದರಿ ಓಡುತ್ತೆ!"

ಇವತ್ತು ಎದ್ದವಳೇ ಎರಡೂ ಜೊತೆ ಬೂಟು ಹೊತ್ತು ತೆತ್ಸುರೋ ಅಂಗಡಿಗೆ ಹೋದೆ. ಒಳಗೆ ನಾಲ್ಕು ಜನ. ಹೊರಗೆ ಕಾಯೋಣ ಅನ್ನಿಸಿತು. ಕಾದರೆ ಮತ್ತೆ ಬಸ್ ಹತ್ತಿಬಿಡುತ್ತೇನೆ ಎಂದೂ ಅನ್ನಿಸಿತು. ಬೂಟುಗಳನ್ನು ಅವನ ಮೇಜಿನ ಮೇಲೆ ಧಡ್ಡನೆ ಇಟ್ಟೆ.

"ತೊಂಬತ್ತೇಳು" ಎಂದೆ.

"ಏನು?"

"ನನ್ನ ತೂಕ. ತೊಂಬತ್ತೇಳು. ಉಪವಾಸ ಬಿದ್ದು ಈಗ ತೊಂಬತ್ತೈದು, ಆದರೆ ಅದು ನಿಲ್ಲಲ್ಲ. ತೊಂಬತ್ತೇಳಕ್ಕೆ ಬೂಟು ಕೊಡು."

ನನ್ನ ಮುಖ ಕೆಂಡವಾಗಿತ್ತು. ಯಾರೂ ಸಾಯಲಿಲ್ಲ. ಗಿರಾಕಿಯೊಬ್ಬ ತನ್ನ ಕೈಗವಸು ನೋಡುತ್ತಾ ನಿಂತ.

ತೆತ್ಸುರೋ ಕುರ್ಚಿಗೆ ಕುಸಿದ. "ಅಬ್ಬಾ! ಆವತ್ತು ನೀನು ಸುಳ್ಳು ಹೇಳಿದ್ಯಲ್ಲ, ನನಗೂ ಹಾಯೆನಿಸ್ತು ಕಣೇ. ಮುಂದೆ ಕೇಳೋ ಕಷ್ಟ ತಪ್ತಲ್ಲ ಅಂತ. ಆಮೇಲೆ ಚಿಗುಸಾ ಅಕ್ಕನ ಭುಜದ ಸುದ್ದಿ ಕೇಳಿ ನಿದ್ದೆ ಬಂದಿಲ್ಲ."

"ಹೇಡಿ."

"ಹೂಂ. ನೀನು?"

"ನಾನೂ."

ಆಮೇಲೆ ಅವನ ಬಾಯಿ ಬಿಚ್ಚಿಕೊಂಡಿತು, ದೇವರೇ! ನೂರೈವತ್ತರ ಬೂಟು ಹಿಡಿದು ನೋಡಿ ತಲೆ ಚಚ್ಚಿಕೊಂಡ. "ದಪ್ಪ ಇದ್ದೋರಿಗೆ ಬಿಗಿ ಬೇಕು ನಿಜ, ಅದಕ್ಕೆ ಕಬ್ಬಿಣದ ಕೊಳವೆಗೆ ಕಾಲು ತೂರಿಸ್ತಾರಾ? ಬೂಟು ನಿನ್ನ ಭಾರ ಹೊರಬೇಕು, ಆದ್ರೂ ಬಾಗಬೇಕು. ನಿನ್ನ ತೊಂದ್ರೆ ಅರ್ಧ ಬಿಗಿ, ಅರ್ಧ ಮೀನಖಂಡ. ಬೂಟಿನ ಹಿಂಬದಿ ಅದನ್ನ ಒತ್ತಿದ್ರೆ ನೀನು ಮೊದಲೇ ಮುಂದಕ್ಕೆ ಬಾಗಿ ನಿಂತ ಹಾಗೆ. ಇನ್ನೆಲ್ಲಿ ಬಾಗ್ತೀಯಾ?"

ಗಂಡಸರ ಬೂಟು ತಂದ, ಬಿಗಿ ನೂರಿಪ್ಪತ್ತು, ಅಗಲದ್ದು. ಹಿಂಬದಿಯ ದಪ್ಪ ಪಟ್ಟಿ ಕಿತ್ತ. ಮೇಲಂಚನ್ನು ಬಿಸಿ ಮಾಡಿ ಹೊರಕ್ಕೆ ಅಗಲಿಸಿದ. ಮುಂದಕ್ಕೆ ವಾಲಿದ್ದನ್ನು ನೆಟ್ಟಗೆ ಮಾಡಿದ. ಹಿಮ್ಮಡಿ ಕೆಳಗೆ ತೆಳು ಬಿಲ್ಲೆ ಇಟ್ಟ. ಹಾಕಿಕೊಂಡು ಬಾಗಿದೆ. ಬೆಣ್ಣೆ! ಇದೂ ಮೆತ್ತಗೆ ಎಂದೆ.

"ಒಲೆ ಮುಂದೆ ಎಲ್ಲಾ ಬೂಟೂ ಬೆಣ್ಣೇನೇ. ನಡಿ ಆಚೆ."

ಹಿಮದಲ್ಲಿ ನನ್ನನ್ನು ನಿಲ್ಲಿಸಿ ಅವನು ಚಹಾ ಕುಡಿದ. ಎರಡು ಲೋಟ. ಆಮೇಲೆ "ಈಗ ಬಾಗು" ಎಂದ. ಪ್ಲಾಸ್ಟಿಕ್ ಚಳಿಗೆ ಗಟ್ಟಿಯಾಗಿತ್ತು. ಬಾಗಿತು, ಆದರೆ ಎದುರು ಒತ್ತಿತು. ಮೊದಲ ಸಲ ನನ್ನ ಕಾಲ ಕೆಳಗೆ ಏನೋ ಇದೆ ಅನ್ನಿಸಿತು.

ಅಲ್ಲೇ ಪಕ್ಕದ ಅಂಗಡಿಯಲ್ಲಿ ಬಿಸಿ ಸೋಬಾ ಶ್ಯಾವಿಗೆ ತಿಂದೆವು. ಅವನದು ಉಳಿದದ್ದನ್ನೂ ನಾನೇ ಮುಗಿಸಿದೆ.

ಫೆಬ್ರವರಿ 9

ಗೋಡೆಯ ಮೇಲೆ ಅಭ್ಯಾಸ, ಇದೇ ಕೊನೆಯ ಅವಕಾಶ. ಮರಳು ಎಪ್ಪತ್ತೈದು, ನಾನು ತೊಂಬತ್ತೇಳು ಎಂದು ಕೂಗಿದೆ. ಕೇಳಿಸಲಿಲ್ಲವೆಂದು ಎರಡನೇ ಸಲ ಕೂಗಬೇಕಾಯಿತು. ಹಗ್ಗಕ್ಕೆ ಕುರೊಗೋಚಿ ಮತ್ತು ತೆತ್ಸುರೋ ಇಬ್ಬರೂ. ಕುರೊಗೋಚಿ ಹಗ್ಗವನ್ನು ಸೊಂಟಕ್ಕೆ ಇನ್ನೊಂದು ಸುತ್ತು ಸುತ್ತಿಕೊಂಡರು.

ಗುಪ್ಪೆಗಳ ಹತ್ತಿರ ಬಂದಾಗ ಚಳಿಗೆ ಬೂಟು ಅತಿಯಾಗಿ ಬಿಗಿದಿತ್ತು. ಮತ್ತೆ ಹಿಂದಕ್ಕೆ ಕೂರುವ ಹಾಗಾಯಿತು. "ನಿಲ್ಲಿಸೀ!" ಎಂದು ಅರಚಿದೆ. ಮೊದಲಾಗಿದ್ದರೆ ಹಲ್ಲು ಕಚ್ಚಿ ಇಳಿದುಬಿಡುತ್ತಿದ್ದೆ.

ತೆತ್ಸುರೋ ಪಕ್ಕಕ್ಕೆ ಜಾರಿಕೊಂಡು ಬಂದ, ಜೇಬಿನಿಂದ ಸ್ಪ್ಯಾನರ್ ತೆಗೆದ. ಬೂಟಿನ ಹಿಂಬದಿಯಲ್ಲಿ ಬಿಗಿ ಹೆಚ್ಚಿಸುವ ಎರಡು ಬೋಲ್ಟ್ ಇವೆ. ಮೇಲಿನದನ್ನು ಎರಡೂ ಕಾಲಿನಿಂದ ಬಿಚ್ಚಿದ.

"ಎರಡೂ ಬಿಚ್ಚಬೇಡ್ವಾ?"

"ಎರಡೂ ಬಿಚ್ಚಿದ್ರೆ ಎಪ್ಪತ್ತೆರಡು ಕಿಲೋ ಹೆಂಗಸಿಗೆ ಸರಿಹೋಗುತ್ತೆ. ಅಂಥೋರು ಯಾರಾದ್ರೂ ಇದ್ದಾರಾ ಇಲ್ಲಿ?"

ಅವನ ಬೆನ್ನಿಗೊಂದು ಗುದ್ದು ಬಿಟ್ಟೆ. ಆಮೇಲೆ ಇಳಿದೆ. ದೋಣಿ ಒತ್ತಿತು, ನಾನು ಒತ್ತಿದೆ, ಬೂಟು ನಡುವೆ ನಿಂತಿತು.

ಕೆಳಗೆ ಕುರೊಗೋಚಿ "ಇಪ್ಪತ್ತಕ್ಕೆ" ಎಂದರು, ಅಷ್ಟೇ.

ಫೆಬ್ರವರಿ 19

ರಾತ್ರಿಯಿಡೀ ಹಿಮ ಬೀಳುತ್ತದಂತೆ. ನಾಳೆ ಹಗ್ಗಕ್ಕೆ ತಾನೂ ಬರುತ್ತೇನೆ ಎಂದು ಚಿಗುಸಾ ಅಕ್ಕ ಹಟ ಹಿಡಿದಿದ್ದಾಳೆ. ಆ ಭುಜ ಇಟ್ಟುಕೊಂಡು! ಹೆದರಿಕೆ ಆಗುತ್ತಿದೆ. ಅಮ್ಮನ ಓಯಾಕಿ ಮೂರು ತಿಂದೆ, ಒಳಗೆ ನೊಜಾವಾನಾ ಸೊಪ್ಪು. ನಾಲ್ಕು ತಿಂದೆ.

ಫೆಬ್ರವರಿ 20

ಬೆಳಿಗ್ಗೆ ಗೋಡೆಯ ತುದಿಯಲ್ಲಿ ಮಂಜು ಎಷ್ಟು ದಟ್ಟವೆಂದರೆ ಲಿಫ್ಟಿನ ಕಂಬವೇ ಕಾಣುತ್ತಿರಲಿಲ್ಲ. ಮೇಲೆ ಲಿಫ್ಟ್ ಇಳಿದ ಜನ ನೋಡಲು ನಿಂತಿದ್ದರು. ಕುರೊಗೋಚಿ ದೋಣಿಯಲ್ಲಿ ಮಲಗಿದರು. ನಾನೇ ಕಂಬಳಿ ಹೊದಿಸಿ ಪಟ್ಟಿ ಬಿಗಿದೆ. ಚಿಗುಸಾ ಅಕ್ಕ ಹಗ್ಗವನ್ನು ಎಡಗೈಗೆ ಸುತ್ತಿಕೊಂಡು ನಿಂತಳು.

"ಇಳಿಸೋರು?" ಎಂದು ಕೂಗಿದಳು.

"ತೊಂಬತ್ತೇಳು!" ನನ್ನ ದನಿ ಮಂಜಿನೊಳಗೆ ಎಲ್ಲೆಲ್ಲೋ ಹೋಯಿತು. ನೋಡುತ್ತಿದ್ದವರಲ್ಲಿ ಯಾರೋ ಕಿಸಕ್ಕೆಂದರು.

"ಮಲಗಿರೋರು?"

ಕುರೊಗೋಚಿ ಪ್ರತಿ ಪರೀಕ್ಷೆಯಲ್ಲೂ ಎಪ್ಪತ್ತೈದು ಅನ್ನುವವರು. ಮರಳಿನ ಚೀಲಗಳ ಲೆಕ್ಕವೂ ಅವರಿಂದಲೇ ಬಂದದ್ದು. ಅಕ್ಕ ಮತ್ತೆ ಕೇಳಿದಳು. ಕಂಬಳಿಯೊಳಗಿಂದ ಸಣ್ಣ ದನಿ ಬಂತು.

"ಎಂಬತ್ತೊಂಬತ್ತು."

"ಏನಂದ್ರಿ?"

"ಎಂಬತ್ತೊಂಬತ್ತು ಅಂದೆ! ಕಿವಿ ಕೇಳಿಸಲ್ವೇನ್ರೀ?"

ಅಕ್ಕ ಹಗ್ಗ ಹಿಡಿದುಕೊಂಡೇ ಬಗ್ಗಿ ನೋಡಿದಳು. "ಎಪ್ಪತ್ತೈದು ಎಪ್ಪತ್ತೈದು ಅಂತ ಇಷ್ಟು ವರ್ಷ ನನ್ನ ಒಬ್ಳ ಕೈಲೇ ಹಗ್ಗ ಹಿಡಿಸಿದ್ರಲ್ರೀ! ಅದಕ್ಕೇ ನನ್ನ ಕೈ ಮೊಣಕಾಲಿನ ತನಕ ಉದ್ದ ಆಗಿರೋದು! ತೆತ್ಸುರೋ, ಬಾರೋ ಇಲ್ಲಿ, ನೂರ ಎಂಬತ್ತಾರು. ಬೂಟು ಹೊಂದಿಸಿದೋನು ನೀನು, ನೀನೇ ಹಗ್ಗಾನೂ ಹಿಡಿ."

ನಕ್ಕೆವು. ಹೊರಟ ಕೂಡಲೇ ನಗು ನಿಂತಿತು. ಹೊಸ ಹಿಮದ ಅಡಿಯಲ್ಲಿ ಹಳೆಯ ಮಂಜುಗಡ್ಡೆ. ಗುಪ್ಪೆಗಳು ಕಣ್ಣಿಗೆ ಕಾಣಿಸಲಿಲ್ಲ, ಅಂಗಾಲಿಗೆ ಮಾತ್ರ ಗೊತ್ತಾದವು. ಸ್ಕೀಗಳನ್ನು ಅಡ್ಡ ಇಟ್ಟು ಒಂದೊಂದು ಮೊಳ ಜಾರಿಸುತ್ತಾ ಇಳಿದೆ. ಜನವರಿಯಲ್ಲಿ ಬಿದ್ದ ಜಾಗ ಬಂತು. ದೋಣಿ ಒಮ್ಮೆಗೇ ಬೆನ್ನ ಮೇಲೆ ಬಂತು, ಕುರೊಗೋಚಿ "ಅಯ್ಯೋ" ಎಂದದ್ದು ಸ್ಪಷ್ಟ ಕೇಳಿಸಿತು. ಮೊಣಕಾಲು ಒತ್ತಿದೆ. ಬೂಟು ಬಾಗಿತು, ಬಾಗಿ ತಡೆಯಿತು. ಸ್ಕೀಯ ಅಂಚು ಮಂಜುಗಡ್ಡೆಯನ್ನು ಕಚ್ಚಿತು. ನನ್ನ ತೊಂಬತ್ತೇಳು ಕಿಲೋ ಆ ದೋಣಿಯ ಮುಂದೆ ಅಡ್ಡ ನಿಂತಿತು, ದೋಣಿ ನಿಂತಿತು. ಅಳು ಬಂತು. ಕನ್ನಡಕದೊಳಗೆ ಹಬೆ ಕಟ್ಟಿ ಮುಂದಿನ ದಾರಿ ಇನ್ನೂ ಮಸುಕಾಯಿತು.

ಕೆಳಗೆ ಪಟ್ಟಿ ಬಿಚ್ಚಿದೆ. ಕುರೊಗೋಚಿ ಎದ್ದು ಟೋಪಿ ಸರಿಮಾಡಿಕೊಂಡರು. "ನಾಳಿದ್ದು ಬೆಳಿಗ್ಗೆ ತಂಡದ ಕೋಣೆಗೆ ಬನ್ನಿ" ಎಂದರು. "ಪೊರಕೆ ಬೇರೆಯವರಿಗೆ ಕೊಡಿ."

ಚಿಗುಸಾ ಅಕ್ಕನನ್ನು ತಬ್ಬಿಕೊಂಡೆ. "ಭುಜ, ಭುಜ ಕಣೇ!" ಎಂದು ಬೈದಳು.

ಫೆಬ್ರವರಿ 22

ಮೊದಲ ದಿನ. ಮಧ್ಯಾಹ್ನ ಗೋಡೆಯ ಅಂಚಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಬಿದ್ದು ಮೊಣಕಾಲು ತಿರುಚಿಕೊಂಡಿದ್ದಳು. ಜೊತೆಯ ಹುಡುಗರು ಸುತ್ತ ನಿಂತಿದ್ದರು. ದೊಡ್ಡ ಮೈಯ ಹುಡುಗಿ. ದೋಣಿಗೆ ಎತ್ತಿ ಮಲಗಿಸುವಾಗ ನೋವಿಗಿಂತ ಹೆಚ್ಚು ನಾಚಿಕೆಯಿಂದಲೇ ಅಳುತ್ತಿದ್ದಳು.

"ಕ್ಷಮಿಸಿ, ನಾನು ಭಾರ ಇದ್ದೀನಿ. ಕ್ಷಮಿಸಿ" ಎಂದು ಅದನ್ನೇ ಹೇಳುತ್ತಿದ್ದಳು.

ಹಗ್ಗದ ಕಡೆಯಿಂದ ಕುರೊಗೋಚಿ "ಮಲಗಿರೋರು?" ಎಂದು ಕೂಗಿದರು. ಹುಡುಗಿಯ ಮುಖ ಬಿಳುಚಿತು. ಹುಡುಗರ ಕಡೆ ನೋಡಿದಳು. ಬಾಯಿ ತೆರೆದಳು, ಅವಳ ನಾಲಿಗೆಯ ಮೇಲೆ ಎಂಥ ಸುಳ್ಳು ಅಂಕಿ ಕೂತಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಬಗ್ಗಿ ನನ್ನ ಕಿವಿಯನ್ನು ಅವಳ ಬಾಯಿಯ ಹತ್ತಿರ ಇಟ್ಟೆ. "ನನಗೊಬ್ಬಳಿಗೇ ಹೇಳು ಪುಟ್ಟಿ. ನಿಜದ್ದು."

ಹೇಳಿದಳು.

ಎದ್ದು ನಿಂತು ನನ್ನದನ್ನೂ ಅವಳದನ್ನೂ ಸೇರಿಸಿದೆ. "ಇಬ್ಬರದೂ ಸೇರಿ ನೂರ ಎಂಬತ್ತೈದು!" ಎಂದು ಬೆಟ್ಟಕ್ಕೆಲ್ಲ ಕೇಳುವ ಹಾಗೆ ಕೂಗಿದೆ. ಹುಡುಗರು ನನ್ನ ಮೈಯನ್ನು ಮೇಲಿಂದ ಕೆಳಗೆ ನೋಡಿ ಅದರಲ್ಲಿ ಹೆಚ್ಚಿನ ಪಾಲು ನನ್ನದೇ ಎಂದುಕೊಂಡರು. ಅಂದುಕೊಳ್ಳಲಿ. ಹಗ್ಗಕ್ಕೆ ಇಬ್ಬರು ಬಂದರು, ನಾವು ಇಳಿದೆವು.